ಕೋಎಂಜೈಮ್ ಕ್ಯೂ10 ಪ್ರಯೋಗದ ಸಂಯೋಜಕಿಯಾಗಿ

ಪಾರ್ಕಿನ್ಸನ್ ಕಾಯಿಲೆಯ ಆರಂಭದ ಹಂತದಲ್ಲಿದ್ದವರಿಗೆ ಕೋಎಂಜೈಮ್ ಕ್ಯೂ10 ಎಂಬ ಆಹಾರಪೂರಕವನ್ನು ಕೊಟ್ಟು ನೋಡಿದ 'ಕ್ಯೂಇ3' ಪ್ರಯೋಗವು ಅಮೆರಿಕ ಮತ್ತು ಕೆನಡಾದ 67 ಕೇಂದ್ರಗಳಲ್ಲಿ, 600 ಮಂದಿಯ ಮೇಲೆ ನಡೆಯಿತು. ಅವುಗಳಲ್ಲಿ ಅಮೆರಿಕದ ಒಂದು ಕೇಂದ್ರಕ್ಕೆ ನಾನು ಸಂಯೋಜಕಿಯಾಗಿದ್ದೆ.

ನಿರೀಕ್ಷೆಗೆ ಗಟ್ಟಿಯಾದ ಆಧಾರವಿತ್ತು. ಈ ಕಾಯಿಲೆಯಲ್ಲಿ, ಚಲನೆಯ ಹತೋಟಿಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ನರಕೋಶಗಳು ಸಾಯುತ್ತವೆ. ರೋಗಿಗಳ ಮೈಟೊಕಾಂಡ್ರಿಯಾದಲ್ಲಿ, ಅಂದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗದಲ್ಲಿ, ಕ್ಯೂ10 ನೆರವಾಗುವ ಹಂತವೇ ದುರ್ಬಲವಾಗಿರುವುದು ಕಂಡುಬಂದಿತ್ತು. 2002ರಲ್ಲಿ ಪ್ರಕಟವಾದ, 80 ಮಂದಿಯ ಸಣ್ಣ ಪ್ರಯೋಗದಲ್ಲಿ ದಿನಕ್ಕೆ 1200 ಮಿಲಿಗ್ರಾಂ ತೆಗೆದುಕೊಂಡವರ ಸ್ಥಿತಿ ಉಳಿದವರಿಗಿಂತ ನಿಧಾನವಾಗಿ ಹದಗೆಟ್ಟಿತ್ತು. ಅದನ್ನು ದೊಡ್ಡ ಪ್ರಮಾಣದಲ್ಲಿ ಖಚಿತಪಡಿಸಿಕೊಳ್ಳುವುದೇ ನಮ್ಮ ಉದ್ದೇಶವಾಗಿತ್ತು. ಒಂದು ಗುಂಪಿಗೆ 1200 ಮಿಲಿಗ್ರಾಂ, ಇನ್ನೊಂದಕ್ಕೆ 2400, ಮೂರನೆಯದಕ್ಕೆ ಔಷಧಾಂಶವಿಲ್ಲದ ಪ್ಲಸೀಬೊ. ವಿಟಮಿನ್ ಇ ಮಾತ್ರ ಎಲ್ಲರಿಗೂ ಇತ್ತು. ಯಾರಿಗೆ ಯಾವುದು ಹೋಗುತ್ತಿದೆ ಎಂಬುದು ರೋಗಿಗಾಗಲಿ, ಪರೀಕ್ಷಿಸುವ ವೈದ್ಯರಿಗಾಗಲಿ, ನನಗಾಗಲಿ ತಿಳಿದಿರಲಿಲ್ಲ.

ಆಹಾರಪೂರಕವನ್ನು ಪರೀಕ್ಷಿಸುವಾಗ ಇರುವ ವಿಶೇಷ ತೊಡಕೆಂದರೆ, ಅದೇ ವಸ್ತು ಚೀಟಿಯಿಲ್ಲದೆ ಅಂಗಡಿಯಲ್ಲಿ ಸಿಗುತ್ತದೆ. ಪ್ಲಸೀಬೊ ಬಂದಿರಬಹುದೆಂಬ ಅನುಮಾನದಿಂದ ಒಬ್ಬರು ಹೊರಗಿನಿಂದ ಕೊಂಡು ನುಂಗಿದರೂ ಗುಂಪುಗಳ ನಡುವಿನ ವ್ಯತ್ಯಾಸ ಮಸುಕಾಗುತ್ತದೆ. ಆದ್ದರಿಂದ ಒಪ್ಪಿಗೆ ಪತ್ರವನ್ನು ಓದಿ ವಿವರಿಸುವಾಗ ಈ ಮಾತಿನ ಮೇಲೆಯೇ ನಾನು ಹೆಚ್ಚು ಹೊತ್ತು ನಿಲ್ಲುತ್ತಿದ್ದೆ, ಪ್ರತಿ ಭೇಟಿಯಲ್ಲೂ ಮನೆಯಲ್ಲಿ ಇನ್ನೇನೇನು ಸೇವಿಸುತ್ತಿದ್ದಾರೆಂದು ಕೇಳಿ ಬರೆದುಕೊಳ್ಳುತ್ತಿದ್ದೆ. ಇದಕ್ಕಿಂತ ಕಷ್ಟದ ಸಂಗತಿ ಇನ್ನೊಂದಿತ್ತು: ಕಾಯಿಲೆಯ ಲಕ್ಷಣಗಳನ್ನು ತಗ್ಗಿಸುವ ಲೆವೊಡೋಪದಂಥ ಔಷಧ ಇನ್ನೂ ಬೇಕಾಗಿರದವರನ್ನು ಮಾತ್ರ ಪ್ರಯೋಗಕ್ಕೆ ಸೇರಿಸಿಕೊಂಡಿದ್ದೆವು. ಗುಂಡಿ ಹಾಕಿಕೊಳ್ಳುವುದೂ ಬರೆಯುವುದೂ ದುಸ್ತರವಾದಾಗ, ಪ್ರಯೋಗ ಕೆಡಬಾರದೆಂದು ಕೆಲವರು ತಾವಾಗಿಯೇ ತಡೆದುಕೊಳ್ಳುತ್ತಿದ್ದರು. ಅಂಥವರಿಗೆ ಔಷಧ ಬೇಕೆನಿಸಿದರೆ ಹೇಳಿಬಿಡಿ, ಅಲ್ಲಿಯವರೆಗಿನ ಪರೀಕ್ಷೆಯ ಅಂಕಗಳೂ ನಮ್ಮ ಲೆಕ್ಕಕ್ಕೆ ಬರುತ್ತವೆ ಎಂದು ಮನವರಿಕೆ ಮಾಡುವುದು ನನ್ನ ಕೆಲಸಗಳಲ್ಲಿ ಅತ್ಯಂತ ಮುಖ್ಯವಾದದ್ದೆಂದು ಇಂದಿಗೂ ಭಾವಿಸುತ್ತೇನೆ.

ನಡುಕ, ಸ್ನಾಯುಗಳ ಬಿಗಿತ, ನಡಿಗೆ, ಬೆರಳು ತಟ್ಟುವ ವೇಗ, ದಿನನಿತ್ಯದ ಕೆಲಸಗಳು ಇವನ್ನೆಲ್ಲ ಯುಪಿಡಿಆರ್‌ಎಸ್ ಎಂಬ ಮಾಪನದಲ್ಲಿ ಅಳೆಯುತ್ತಿದ್ದರು. ಅಂಕ ಏರಿದಷ್ಟೂ ಕಾಯಿಲೆ ಹೆಚ್ಚಿದಂತೆ.

ಪ್ರತಿಯೊಬ್ಬರನ್ನೂ 16 ತಿಂಗಳು ಗಮನಿಸುವ ಯೋಜನೆಯಿತ್ತಾದರೂ, ಮುಂದುವರಿಸಿ ಪ್ರಯೋಜನವಿಲ್ಲವೆಂದು ನಡುವಿನ ವಿಶ್ಲೇಷಣೆ ತೋರಿಸಿದ್ದರಿಂದ 2011ರಲ್ಲಿ ಪ್ರಯೋಗವನ್ನು ನಿಲ್ಲಿಸಲಾಯಿತು. ಸರಾಸರಿ ಅಂಕ ಪ್ಲಸೀಬೊ ಗುಂಪಿನಲ್ಲಿ 6.9, 1200 ಮಿಲಿಗ್ರಾಂ ಪಡೆದವರಲ್ಲಿ 7.5, 2400 ಪಡೆದವರಲ್ಲಿ 8.0ರಷ್ಟು ಏರಿತ್ತು. ಈ ವ್ಯತ್ಯಾಸದಿಂದ ಕ್ಯೂ10 ಹಾನಿ ಮಾಡಿತೆನ್ನಲಾಗದು. ಪ್ರಯೋಜನದ ಸುಳಿವಂತೂ ಇರಲಿಲ್ಲ. ಸುದ್ದಿಯನ್ನು ತಿಳಿಸಲು ನಾನೇ ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಹಲವರು ಮೊದಲು ಕೇಳಿದ್ದು, ತಮ್ಮ ಪಾಲ್ಗೊಳ್ಳುವಿಕೆ ಉಪಯೋಗಕ್ಕೆ ಬಂತೇ ಎಂದು. ಬಂತು ಎಂದೆ, ಪೂರ್ಣ ನಂಬಿಕೆಯಿಂದಲೇ ಎಂದೆ: ದುಬಾರಿ ಮಾತ್ರೆಯೊಂದನ್ನು ವರ್ಷಗಟ್ಟಲೆ ಕೊಳ್ಳಲಿದ್ದ ಎಷ್ಟೋ ಮನೆಗಳಿಗೆ ಉತ್ತರ ಸಿಕ್ಕಿದ್ದು ಅವರಿಂದ.

ಊರಿನಿಂದ ಬಂಧುಗಳು ಕ್ಯೂ10 ಬಾಟಲಿ ಕಳುಹಿಸಲು ಕೇಳಿದಾಗಲೂ ಇದೇ ಅಂಕಗಳನ್ನು ಹೇಳುತ್ತೇನೆ. ಈ ಕಾಯಿಲೆಗೆಂದು ಕೆಲವರು ಸೇವಿಸುವ ನಸುಗುನ್ನಿ ಬೀಜದ ಪುಡಿಯ ವಿಷಯ ಬೇರೆ. ಅದರಲ್ಲಿ ಲೆವೊಡೋಪವೇ ಇರುವುದರಿಂದ, ವೈದ್ಯರು ಬರೆದ ಮಾತ್ರೆಯ ಜೊತೆಗೆ ಅದನ್ನೂ ಸೇವಿಸುತ್ತಿರುವವರು ನರರೋಗ ತಜ್ಞರಿಗೆ ತಿಳಿಸಲೇಬೇಕು.