ಎರಡಕ್ಕೆ ಹೊರಟು ನಾಲ್ಕೂವರೆಗೆ ಇಳಿಯುವ ವಿಮಾನ

ಡಿಸೆಂಬರ್‌ನಲ್ಲಿ ಅಮ್ಮ ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ತಂಗಿಯ ಮನೆಗೆ ಹೊರಟಿದ್ದರು. ಬೆಂಗಳೂರಿನಿಂದ ಮಧ್ಯಾಹ್ನ ಎರಡಕ್ಕೆ ಹೊರಟು ಅದೇ ದಿನ ನಾಲ್ಕೂವರೆಗೆ ಇಳಿಯುತ್ತದೆ ಎಂದು ಟಿಕೆಟ್‌ನಲ್ಲಿತ್ತು. 'ಎರಡೂವರೆ ಗಂಟೆ ತಾನೇ? ಮೈಸೂರಿಗೆ ಹೋದಷ್ಟೇ ಹೊತ್ತು' ಎಂದರು. ನಾನು ಪ್ರೌಢಶಾಲೆಯ ಗಣಿತದ ಮೇಷ್ಟ್ರು. ಕಾಗದ, ಕ್ಯಾಲ್ಕುಲೇಟರ್ ಹಿಡಿದು ಕುಳಿತೆ.

ಮೊದಲು ಎರಡು ಊರುಗಳ ನಡುವಿನ ದೂರ ಬೇಕು. ಬೆಂಗಳೂರಿನ ವಿಮಾನ ನಿಲ್ದಾಣ ಉತ್ತರ ಅಕ್ಷಾಂಶ 13.20, ಪೂರ್ವ ರೇಖಾಂಶ 77.71. ಅಲ್ಲಿನದು ಉತ್ತರ 37.62, ಪಶ್ಚಿಮ 122.38. ಎರಡೂ ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಬೇಕು. ಅವುಗಳ ಕೊಸೈನ್‌ಗಳನ್ನು ರೇಖಾಂಶಗಳ ವ್ಯತ್ಯಾಸದ ಕೊಸೈನ್‌ನೊಂದಿಗೆ ಗುಣಿಸಿ ಅದಕ್ಕೆ ಕೂಡಿಸಬೇಕು. ಬಂದದ್ದು ಭೂಮಿಯ ಕೇಂದ್ರದಲ್ಲಿ ಎರಡು ಊರುಗಳ ನಡುವೆ ಏರ್ಪಡುವ ಕೋನದ ಕೊಸೈನ್. ಆ ಕೋನದ ಒಂದು ಡಿಗ್ರಿಗೆ ನೆಲದ ಮೇಲೆ 111.2 ಕಿ.ಮೀ.

ಮೊದಲ ಸಲ ಬಂದ ಉತ್ತರ 5,175 ಕಿ.ಮೀ. ಅಮೆರಿಕ ಇಷ್ಟು ಹತ್ತಿರವೇ? ಶಾಲೆಯ ಗ್ಲೋಬ್ ತಂದು ನೋಡಿದರೆ, ಪಶ್ಚಿಮ ರೇಖಾಂಶಕ್ಕೆ ಋಣ ಚಿಹ್ನೆ ಹಾಕಲು ಮರೆತು ಅಮ್ಮನನ್ನು ಚೀನಾದ ಶಾಂಡೊಂಗ್ ತೀರದಾಚೆ ಹಳದಿ ಸಮುದ್ರದಲ್ಲಿ ಇಳಿಸಿದ್ದೆ! ಇದೇ ತಪ್ಪಿಗೆ ಮಕ್ಕಳ ಅಂಕ ಕತ್ತರಿಸಿದ ನೆನಪಾಗದೆ ಇರಲಿಲ್ಲ. ತಿದ್ದಿದಾಗ ಕೋನ 125.8 ಡಿಗ್ರಿ, ದೂರ ಸುಮಾರು 13,990 ಕಿ.ಮೀ.

ಗ್ಲೋಬ್ ಹೇಗೂ ಕೈಯಲ್ಲಿತ್ತು, ಅತಿ ಹತ್ತಿರದ ದಾರಿ ಯಾವುದೆಂದು ಎರಡು ಊರುಗಳ ನಡುವೆ ದಾರ ಬಿಗಿಯಾಗಿ ಎಳೆದು ನೋಡಿದೆ. ಅದು ಪೂರ್ವಕ್ಕೂ ಹೋಗಲಿಲ್ಲ, ಪಶ್ಚಿಮಕ್ಕೂ ಇಲ್ಲ. ಹಿಮಾಲಯ, ಸೈಬೀರಿಯಾ ದಾಟಿ 71 ಡಿಗ್ರಿ ಉತ್ತರದವರೆಗೆ ಏರಿ ಅಲಾಸ್ಕಾ ಮೇಲಿಂದ ಇಳಿಯಿತು. ಗೋಡೆಯ ನಕಾಶೆ ನೋಡಿ ಬೆಳೆದವರು ಇದನ್ನು ಬೇಗ ನಂಬುವುದಿಲ್ಲ.

ಆದರೆ ವಿಮಾನ ದಾರದ ಮೇಲೆ ಹಾರುವುದಿಲ್ಲ. ಒಳಗಿನ ಗಾಳಿಯ ಒತ್ತಡ ಕುಸಿದರೆ ಸುಮಾರು 3,000 ಮೀಟರ್ ಎತ್ತರಕ್ಕೆ ಇಳಿಯಬೇಕು. ಟಿಬೆಟ್‌ನಲ್ಲಿ ನೆಲವೇ ಅದಕ್ಕಿಂತ ಎತ್ತರದಲ್ಲಿದೆ. ಹಾಗಾಗಿ ಸುತ್ತು ಬಳಸುತ್ತಾರೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ತಂದ ಮೊದಲ ತಡೆರಹಿತ ವಿಮಾನ ಕ್ರಮಿಸಿದ್ದು ಸುಮಾರು 16,000 ಕಿ.ಮೀ. ನಾನು ನೂರಕ್ಕೆ ಏಳರಷ್ಟು ಸೇರಿಸಿ 15,000 ಎಂದಿಟ್ಟುಕೊಂಡೆ.

ವೇಗ ಗಂಟೆಗೆ 900 ಕಿ.ಮೀ. ಚಳಿಗಾಲದಲ್ಲಿ ಪೆಸಿಫಿಕ್ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಎತ್ತರದ ಬಿರುಗಾಳಿ, ಜೆಟ್ ಸ್ಟ್ರೀಮ್, ಕೆಲವೆಡೆ ಗಂಟೆಗೆ 200 ಕಿ.ಮೀ. ಮೀರುತ್ತದೆ. ಸರಾಸರಿ ನೆರವು ಬರೀ 50 ಎಂದುಕೊಂಡರೂ ಹೋಗುವಾಗ 15 ಗಂಟೆ 47 ನಿಮಿಷ; ಬರುವಾಗ ಅದೇ ಗಾಳಿ ಎದುರಾಗಿ ಹದಿನೇಳೂವರೆ ದಾಟುತ್ತದೆ. ಟಿಕೆಟ್‌ನಲ್ಲಿ 16 ಗಂಟೆ ಇತ್ತು. ಮಧ್ಯಾಹ್ನ ಎರಡಕ್ಕೆ ಹದಿನಾರು ಕೂಡಿಸಿದರೆ ನಮ್ಮ ಮರುದಿನ ಬೆಳಿಗ್ಗೆ ಆರು. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ಹದಿಮೂರೂವರೆ ಗಂಟೆ ಹಿಂದೆ; ಕಳೆದರೆ ನಾಲ್ಕೂವರೆ.

ವಾಪಸು ಲೆಕ್ಕ ಅಮ್ಮನಿಗೆ ರುಚಿಸಲಿಲ್ಲ. ಶುಕ್ರವಾರ ರಾತ್ರಿ ಎಂಟಕ್ಕೆ ಹೊರಟರೆ ಬೆಂಗಳೂರಿನಲ್ಲಿ ಇಳಿಯುವಾಗ ಭಾನುವಾರ ಬೆಳಗಿನ ಜಾವ ಮೂರು. ಶನಿವಾರ ಅವರಿಗೆ ಒಪ್ಪತ್ತು. ವಿಮಾನದಲ್ಲಿ ಒಂದೇ ಊಟ ಸಾಕೆಂದು ಟಿಕೆಟ್‌ನಲ್ಲಿ ಮೊದಲೇ ಬರೆಸಬಹುದೇ ಎಂದು ಕೇಳಿದರು.