ಟೈಮರ್ ಇಟ್ಟುಕೊಂಡು ಕೆಲಸ ಮುಗಿಸುವುದು ಹೇಗೆ?

ಮಲೆನಾಡಿನ ಮಳೆಗಾಲದಲ್ಲಿ ಮನೆಗೆಲಸಕ್ಕೆ ಕೊನೆಯೇ ಇಲ್ಲ. ಬಟ್ಟೆ ಒಣಗುವುದಿಲ್ಲ, ಅಂಗಳದ ಪಾಚಿ ಉಜ್ಜಿದಷ್ಟೂ ಬರುತ್ತದೆ. ತೀರ್ಥಹಳ್ಳಿ, ಸಾಗರದ ಕಡೆ ಮನೆಯಲ್ಲೇ ಕೂತು ಆಫೀಸ್ ಕೆಲಸ ಮಾಡುವವರಿಗೆ ಎರಡೂ ಮೈಮೇಲೆ ಬೀಳುತ್ತವೆ. ಎಲ್ಲಿಂದ ಶುರು ಮಾಡುವುದು ಅಂತಲೇ ತೋಚದಿದ್ದಾಗ ಟೈಮರ್ ಇಟ್ಟು ನೋಡಿ.

ಮೊದಲು ಒಂದೇ ಕೆಲಸ ಆರಿಸಿಕೊಳ್ಳಿ. ‘ಮನೆ ಕ್ಲೀನ್ ಮಾಡಬೇಕು’ ಅಂದರೆ ಆಗಲ್ಲ. ‘ಮಂಚದ ಮೇಲಿನ ಬಟ್ಟೆ ರಾಶಿ ಖಾಲಿ ಮಾಡಬೇಕು’ ಅನ್ನಿ. 15 ನಿಮಿಷಕ್ಕೆ ಟೈಮರ್ ಇಡಿ. ಒಂದೊಂದೇ ಬಟ್ಟೆ ಎತ್ತಿ ಪ್ಯಾಂಟಿನ ಜೇಬು, ಶರ್ಟಿನ ಕಾಲರ್ ಮುಟ್ಟಿ ನೋಡಿ, ತೇವ ಉಳಿಯುವುದು ಅಲ್ಲೇ. ಒಣಗಿದ್ದನ್ನು ಮಡಚಿ, ತೇವದ್ದನ್ನು ಬಚ್ಚಲ ಒಲೆ ಹತ್ತಿರದ ಹಗ್ಗಕ್ಕೆ ಹಾಕಿ, ಮುಗ್ಗಲು ವಾಸನೆ ಬರುವುದನ್ನು ಮತ್ತೆ ಒಗೆಯಲು ಬಿಡಿ. ಅಷ್ಟೇ. ನಡುವೆ ಬೀರು ಜೋಡಿಸಲು ಹೋಗಬೇಡಿ.

ಫೋನನ್ನು ಕೈಗೆ ಸಿಗದಷ್ಟು ದೂರ ಇಡಿ. ಟೈಮರ್‌ಗೆ ನೆಟ್‌ವರ್ಕ್ ಬೇಡ, ಕೀಪ್ಯಾಡ್ ಫೋನಿನ ಅಲಾರಾಂ ಆದರೂ ಸಾಕು. ಕರೆಂಟ್ ಹೋಗುವ ಮೊದಲೇ ಚಾರ್ಜ್ ಮಾಡಿಕೊಂಡಿರಿ.

ಕೂತು ಮಾಡುವ ಕೆಲಸಕ್ಕೆ ಪೊಮೊಡೊರೊ ಪದ್ಧತಿ ಹೊಂದುತ್ತದೆ. 1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾನ್ಸೆಸ್ಕೊ ಚಿರಿಲೊ ಎಂಬ ವಿದ್ಯಾರ್ಥಿ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಓದಲು ಶುರು ಮಾಡಿದ್ದರಿಂದ ಇದು ಬಂತು. 25 ನಿಮಿಷ ಕೆಲಸ, 5 ನಿಮಿಷ ಬಿಡುವು. ಹೀಗೆ ನಾಲ್ಕು ಸುತ್ತು ಆದ ಮೇಲೆ 15ರಿಂದ 30 ನಿಮಿಷ ವಿಶ್ರಾಂತಿ. ನಡುವೆ ‘ಅಯ್ಯೋ, ಗ್ಯಾಸ್ ಬುಕ್ ಮಾಡಬೇಕಿತ್ತು’ ಅಂತ ನೆನಪಾದರೆ ಚೀಟಿಯಲ್ಲಿ ಬರೆದಿಟ್ಟು ಕೆಲಸ ಮುಂದುವರಿಸಿ. ಬಿಡುವಿನಲ್ಲಿ ಫೋನ್ ನೋಡಬೇಡಿ, ಐದು ನಿಮಿಷ ಹೋಗಿ ಅರ್ಧ ಗಂಟೆಯಾಗುತ್ತದೆ. ಎದ್ದು ಜಗಲಿಗೆ ಹೋಗಿ, ನೀರು ಕುಡಿಯಿರಿ, ಹಂಡೆ ಒಲೆಗೆ ಎರಡು ಕಟ್ಟಿಗೆ ತಳ್ಳಿ ಬನ್ನಿ.

ಗಂಟೆ ಹೊಡೆದಾಗ ನಿಲ್ಲಿಸಬೇಕು. ನನ್ನ ಪ್ರಕಾರ ಟೈಮರ್‌ನಿಂದ ಆಗುವ ದೊಡ್ಡ ಉಪಕಾರ ಇದೇ. ಮನೆಗೆಲಸ ಮಾಡುವ ಹೆಂಗಸರಿಗೆ ‘ಸಾಕು, ಕೂತ್ಕೋ’ ಅಂತ ಹೇಳುವವರು ಎಷ್ಟು ಮನೆಯಲ್ಲಿದ್ದಾರೆ? ಬಟ್ಟೆ ಇನ್ನೂ ಉಳಿದಿದ್ದರೆ ಕಾಫಿ ಕುಡಿದು ಮತ್ತೊಂದು ಸುತ್ತು ಇಡಿ, ಇಲ್ಲವೇ ನಾಳೆಗೆ ಬಿಡಿ. ‘ಇನ್ನೊಂಚೂರು’ ಅಂತ ಎಳೆದರೆ ನಾಳೆ ಆ ಗಂಟೆಗೆ ಬೆಲೆಯೇ ಇರುವುದಿಲ್ಲ.

ಎಲ್ಲ ಕೆಲಸಕ್ಕೂ ಇದು ಆಗಿಬರುವುದಿಲ್ಲ. ಅಡಿಕೆ ಬೇಯಿಸುವಾಗ ಕಾಯಿ ಎಷ್ಟು ಬಲಿತಿದೆ, ಉರಿ ಹೇಗಿದೆ ಎನ್ನುವುದರ ಮೇಲೆ ಹೊತ್ತು ಬದಲಾಗುತ್ತದೆ. ಅಲ್ಲಿ ಕಣ್ಣು, ಕೈಯನ್ನೇ ನಂಬಬೇಕು. ಆದರೆ ಸುಗ್ಗಿಯಲ್ಲಿ ರಾತ್ರಿಯೆಲ್ಲ ಕೂತು ಅಡಿಕೆ ಸುಲಿಯುವವರು 45 ನಿಮಿಷಕ್ಕೊಮ್ಮೆ ಟೈಮರ್ ಇಟ್ಟು ಎದ್ದು ನಾಲ್ಕು ಹೆಜ್ಜೆ ಓಡಾಡಲಿ. ಸೊಂಟಕ್ಕೂ ಕತ್ತಿ ಹಿಡಿದ ಕೈಗೂ ಒಳ್ಳೆಯದು.

ಮಕ್ಕಳಿದ್ದರೆ ಟೈಮರ್ ಇಡುವ ಕೆಲಸ ಅವರಿಗೇ ಕೊಡಿ.

ಒಂದು ವಾರ ಯಾವ ಕೆಲಸಕ್ಕೆ ಎಷ್ಟು ಸುತ್ತು ಹಿಡಿಯಿತು ಅಂತ ಕ್ಯಾಲೆಂಡರ್ ಹಿಂದೆ ಬರೆಯುತ್ತಾ ಬನ್ನಿ. ಬೆಳಗ್ಗಿನ ಬಸ್ಸಿಗೆ ಮೊದಲು ಏನೇನು ಮುಗಿಯುತ್ತದೆ, ಯಾವುದನ್ನು ಸಂಜೆಗೆ ಇಟ್ಟುಕೊಳ್ಳಬೇಕು, ಯಾವುದನ್ನು ಮನೆಯ ಬೇರೆಯವರಿಗೆ ಹಂಚಬೇಕು ಎನ್ನುವುದು ಆ ಲೆಕ್ಕದಿಂದಲೇ ಗೊತ್ತಾಗುತ್ತದೆ.