ಹುಕ್ಕು ಎರಡೂ ಎದೆಗೇ ಸಿಕ್ಕಿಸಿಕೊಂಡಿದ್ದ

ಉತ್ತರ ಕರ್ನಾಟಕದ ಒಂದು ಕಬ್ಬಿಣದ ಕಾರ್ಖಾನೆಯಲ್ಲಿ ನಾನು ಸೇಫ್ಟಿ ಆಫೀಸರ್. ಅವತ್ತು ಶಟ್‌ಡೌನ್, ಅಂದರೆ ಯಂತ್ರ ನಿಲ್ಲಿಸಿ ಮಾಡುವ ರಿಪೇರಿ ಕೆಲಸ ನಡೆಯುತ್ತಿತ್ತು. 15 ಮೀಟರ್ ಎತ್ತರದ ಕನ್ವೇಯರ್ ಗ್ಯಾಲರಿ ಮೇಲೆ ಒಬ್ಬ ಫಿಟ್ಟರ್ ಕೂತಿದ್ದ. ಸೇಫ್ಟಿ ಬೆಲ್ಟ್ ಹಾಕಿದ್ದ, ಹೆಲ್ಮೆಟ್ ಪಟ್ಟಿ ಬಿಗಿದಿದ್ದ. ದೂರದಿಂದ ಎಲ್ಲ ಸರಿ ಕಂಡಿತು. ಹತ್ತಿರ ಹೋದೆ. ಬೆಲ್ಟಿನ ಹಗ್ಗದ ಎರಡೂ ಹುಕ್ಕು, ಜಾರಿದರೆ ಹಿಡಿಯೋಕೆ ಕಟ್ಟಿರುವ ಲೈಫ್‌ಲೈನಿಗಲ್ಲ, ಅವನದೇ ಎದೆ ಮೇಲಿನ ಬೆಲ್ಟಿಗೆ ಸಿಕ್ಕಿಸಿದ್ದವು. ಕಾಲು ಜಾರಿದ್ದರೆ ಬೆಲ್ಟ್ ಸಮೇತ ಕೆಳಗೆ.

ಇಳಿಸಿ ಚೆನ್ನಾಗಿ ಬೈದೆ. ರಿಪೋರ್ಟಿನಲ್ಲಿ ಕಾರಣ ಅನ್ನೋ ಕಡೆ 'ನಿರ್ಲಕ್ಷ್ಯ' ಅಂತ ಬರೆದೆ. ಆದರೆ 11 ವರ್ಷ ಇದೇ ಕೆಲಸ ಮಾಡಿದವನು ಹೀಗ್ಯಾಕೆ ಮಾಡಿದ? ಸಂಜೆ ಕ್ಯಾಂಟೀನಿನಲ್ಲಿ ಚಹಾ ಕೊಡಿಸಿ ಕೇಳಿದೆ.

"ಮೂರು ರಾತ್ರಿ ಆತ್ರಿ ಸರ, ಕಣ್ಣು ಮುಚ್ಚಿಲ್ಲ. ಸಾಲದವ್ರು ಮನಿ ಮುಂದ ಬಂದು ಕೂಡ್ತಾರ" ಅಂದ. ಜೇಬಿನಲ್ಲಿ ಅವನ ಫೋನ್ ಆಗಲೂ ಗುರ್ ಅನ್ನುತ್ತಲೇ ಇತ್ತು.

ಎತ್ತರದ ಕೆಲಸಕ್ಕೆ ಪಾಸ್ ಕೊಡುವ ಮುಂಚೆ ಬಿಪಿ ನೋಡುತ್ತೇವೆ. ಕುಡಿದಿದ್ದಾನಾ ಅಂತ ಗೇಟಿನಲ್ಲಿ ಊದಿಸುತ್ತೇವೆ. ಇವನು ಇವೆರಡರಲ್ಲೂ ಪಾಸಾಗಿದ್ದ.

ಮರುದಿನ ಬೆಳಗಿನ ಟೂಲ್‌ಬಾಕ್ಸ್ ಟಾಕ್‌ನಲ್ಲಿ, ಅಂದರೆ ಕೆಲಸಕ್ಕೆ ಮುಂಚೆ ಎಲ್ಲರನ್ನೂ ನಿಲ್ಲಿಸಿ ಸೇಫ್ಟಿ ಬಗ್ಗೆ ಮಾತಾಡುವಾಗ, "ಯಾರಿಗಾದರೂ ಮನಸ್ಸಿಗೆ ಬೇಜಾರಿದೆಯಾ?" ಅಂತ ಕೇಳಿದೆ. 40 ಜನ ನಕ್ಕರು. ಅವರ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ. ಆಮೇಲೆ ಪ್ರಶ್ನೆ ಬದಲಿಸಿದೆ. ಪರ್ಮಿಟ್‌ಗೆ ಸಹಿ ಹಾಕುವಾಗ ಸೂಪರ್‌ವೈಸರ್ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು, ರಾತ್ರಿ ಎಷ್ಟು ತಾಸು ಮಲಗಿದ್ದೆ, ಇವತ್ತು ಹತ್ತಬಹುದಾ ಅಂತ ಕೇಳಬೇಕು. ಎಲ್ಲರದೂ ಒಂದೇ ಉತ್ತರ: "ಎಂಟು ತಾಸ್ರಿ." ಇನ್ನೇನು ಹೇಳುತ್ತಾರೆ? ನಿದ್ದೆ ಇಲ್ಲ ಅಂದರೆ ಮನೆಗೆ ಕಳಿಸುತ್ತಾರೆ, ಅವತ್ತಿನ ಹಾಜರಿ ಹೋಗುತ್ತದೆ.

ಹಾಗಾಗಿ ಆ ಹಾಜರಿ ಉಳಿಸೋಕೆ ಕಂಟ್ರಾಕ್ಟರ್ ಜೊತೆ ಜಗಳ ಶುರುವಾಯಿತು. ಒಪ್ಪಿಸೋಕೆ ಎರಡು ತಿಂಗಳು ಹಿಡಿಯಿತು. 'ಇವತ್ತು ಬೇಡ' ಅಂದವನಿಗೆ ಕೆಳಗೇ ಕೆಲಸ: ಸಾಮಾನು ಎಣಿಸಿ ಕೊಡೋದು, ಬ್ಯಾರಿಕೇಡ್ ಹತ್ತಿರ ಕಾಯೋದು. ಹಾಜರಿ ಪೂರ್ತಿ. ಓಟಿ ಇಲ್ಲ, ನಿದ್ದೆಗೆಟ್ಟವನನ್ನು ಇನ್ನೂ ನಾಲ್ಕು ತಾಸು ನಿಲ್ಲಿಸೋಕಾಗುತ್ತಾ? ಕಾರಣ ಯಾರೂ ಕೇಳುವಂತಿಲ್ಲ, ಎಲ್ಲೂ ಬರೆಯುವಂತಿಲ್ಲ. ಮೊದಲ ವಾರ ಒಬ್ಬನೂ ಬರಲಿಲ್ಲ. ಎರಡನೇ ವಾರ ಭಾರದ ಸಾಮಾನು ಕಟ್ಟಿ ಎತ್ತುವ ಒಬ್ಬ ರಿಗ್ಗರ್ ಬಂದು, "ಸರ, ಇವತ್ತ ಮ್ಯಾಲ ಬ್ಯಾಡ್ರಿ" ಅಂದ. ಅಷ್ಟೇ.

ಆ ಫಿಟ್ಟರ್‌ಗೆ ನನ್ನ ರೂಮಿನಲ್ಲೇ 14416ಕ್ಕೆ ಫೋನ್ ಹಚ್ಚಿ ಕೊಟ್ಟು, ಹೊರಗೆ ಬಂದು ನಿಂತೆ. 2022ರಲ್ಲಿ ಶುರುವಾದ ಟೆಲಿ ಮಾನಸ್ ಅನ್ನೋ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರ್ ಅದು. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಗೋಡೆ ಮೇಲೆ ಅದರ ಪೋಸ್ಟರ್ ಮೊದಲಿಂದ ಇತ್ತು, ಅದರ ಮೇಲೆ ಯಾರೋ ಕ್ಯಾಂಟೀನ್ ಲೆಕ್ಕ ಬರೆದಿದ್ದರು. ಸಾಲ ಹಾಗೇ ಇದೆ. ನಿದ್ದೆ ಬರೋಕೆ ಇನ್ನೂ ಒಂದು ವಾರ ಬೇಕಾಯಿತು. ಅಲ್ಲಿವರೆಗೂ ಅವನು ಕೆಳಗೇ ಇದ್ದ.

ಜನ ದುರುಪಯೋಗ ಮಾಡಿಕೊಳ್ಳುತ್ತಾರೆ ಅಂತ ಸೂಪರ್‌ವೈಸರ್ ಒಬ್ಬ ಗೊಣಗುತ್ತಿದ್ದ. ಸುಳ್ಳಲ್ಲ. ಜಾತ್ರೆಯ ಮರುದಿನ ಐದು ಜನ 'ಬೇಡ' ಅಂದರು. ರಾತ್ರಿಯಿಡೀ ನಾಟಕ ನೋಡಿ ಸೀದಾ ಡ್ಯೂಟಿಗೆ ಬಂದವರು. ಐದೂ ಜನರನ್ನು ಸಾಮಾನು ಎಣಿಸೋಕೆ ಕೂರಿಸಿದೆ. ಲೆಕ್ಕ ಎರಡು ಸಲ ತಪ್ಪಿತು.